ಬಿಡುಗಡೆ ಪತ್ರದ ಒಂದು ಮಾತು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೇನೆಯನ್ನು ಬಿಟ್ಟು ಮನೆಗೆ ಮರಳುವ ಸೈನಿಕನ ಕೈಗೆ ಒಂದು ಕಾಗದವನ್ನು ಕೊಡುತ್ತಾರೆ. ಎಷ್ಟು ವರ್ಷ ಸೇವೆ ಸಲ್ಲಿಸಿದ, ಎಲ್ಲೆಲ್ಲಿ ಇದ್ದ, ಯಾವ ಪದಕಗಳನ್ನು ಪಡೆದ ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಇವೆಲ್ಲಕ್ಕಿಂತ ಭಾರವಾದವು ಬಿಡುಗಡೆಯ ಬಗೆಯನ್ನು ತಿಳಿಸುವ ಒಂದೆರಡು ಪದಗಳು. ಗೌರವಯುತ ಬಿಡುಗಡೆ, ಗೌರವಕ್ಕೆ ಕುಂದಿಲ್ಲದ ಸಾಮಾನ್ಯ ಬಿಡುಗಡೆ, ಗೌರವಯುತವಲ್ಲದ ಬಿಡುಗಡೆ, ದುರ್ನಡತೆಯ ಬಿಡುಗಡೆ, ಅಗೌರವದ ಬಿಡುಗಡೆ ಎಂದು ಐದು ಮೆಟ್ಟಿಲುಗಳು. ಕೊನೆಯ ಎರಡು ಸೈನಿಕ ನ್ಯಾಯಾಲಯದ ತೀರ್ಪಿನಿಂದ ಮಾತ್ರ ಬರತಕ್ಕವು. ಮೂರನೆಯದು ವಿಚಾರಣೆಯಿಲ್ಲದೆ ಮೇಲಧಿಕಾರಿಗಳ ಆಡಳಿತಾಜ್ಞೆಯಿಂದಲೂ ಬರಬಹುದು. ಅಧಿಕಾರಿಯ ದರ್ಜೆಯವನಿಗಾದರೆ ‘ವಜಾ’ ಎಂಬ ಒಂದೇ ಮಾತು. ಅದು ಕೊನೆಯ ಮೆಟ್ಟಿಲಿಗೆ ಸಮ. ಮಾಜಿ ಸೈನಿಕರ ಆಸ್ಪತ್ರೆ, ವಿದ್ಯಾಭ್ಯಾಸದ ನೆರವು, ಮನೆ ಸಾಲ, ಅಂಗವೈಕಲ್ಯದ ವೇತನ ಇವೆಲ್ಲಕ್ಕೂ ಆ ಪದವೇ ಬೀಗ, ಆ ಪದವೇ ಕೀಲಿಕೈ. ಮೆಟ್ಟಿಲು ಇಳಿದಂತೆ ಒಂದೊಂದೇ ಬಾಗಿಲು ಮುಚ್ಚುತ್ತ ಹೋಗುತ್ತದೆ. ಆದರೆ ಆ ಪದವನ್ನು ಬದಲಿಸಿಕೊಡಿ ಎಂದು ಅರ್ಜಿ ಹಿಡಿದು ನಿಲ್ಲುವ ಅನೇಕರನ್ನು ಬಾಧಿಸುವುದು ಮುಚ್ಚಿದ ಬಾಗಿಲುಗಳಷ್ಟೇ ಅಲ್ಲ. ತಾನು ಏನಲ್ಲವೋ ಅದೆಂದು ಲೋಕದ ದಫ್ತರದಲ್ಲಿ ಬರೆದಿಟ್ಟಿದ್ದಾರೆಂಬ ಸಂಕಟ ಅವರದು.

ಆ ಸಾಲಿನಲ್ಲಿ ಬಹು ಹಿಂದೆಯೇ ನಿಂತು, ಬಹು ಕಾಲ ಕಾದವನೊಬ್ಬನ ಹೆಸರು ಹೆನ್ರಿ ಒಸ್ಸಿಯನ್ ಫ್ಲಿಪ್ಪರ್.

ಅಹಿಂಸೆಯನ್ನು ಪರಮಧರ್ಮವೆನ್ನುವವರ ಪತ್ರಿಕೆಯಲ್ಲಿ ಸೈನಿಕನೊಬ್ಬನ ಮಾತೇಕೆ ಎಂದು ವಾಚಕರಲ್ಲಿ ಕೆಲವರಿಗಾದರೂ ಅನ್ನಿಸೀತು. ಶ್ರಾವಕನು ಸರ್ವಥಾ ತ್ಯಜಿಸತಕ್ಕದ್ದು ಸಂಕಲ್ಪೀ ಹಿಂಸೆಯನ್ನು. ನಾಡನ್ನೂ ನೆರೆಯವರನ್ನೂ ಕಾಯುವಾಗ ಸಂಭವಿಸುವ ವಿರೋಧೀ ಹಿಂಸೆಯು ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿಸಲಾಗದ್ದೆಂದು ಆಚಾರ್ಯರು ಬಲ್ಲರು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕ. ಹೊಯ್ಸಳ ವಿಷ್ಣುವರ್ಧನನ ಸೇನಾನಿ ಗಂಗರಾಜನೂ ಜಿನಭಕ್ತನೇ. ಕತ್ತಿ ಹಿಡಿದವನ ಅಂತರಂಗವು ಜೈನ ಚಿಂತನೆಗೆ ಹೊರಗಿನದೆಂದೂ ಆಗಿರಲಿಲ್ಲ. ಅದಲ್ಲದೆ ಇಲ್ಲಿಯ ಪ್ರಶ್ನೆ ಯುದ್ಧದ್ದಲ್ಲ. ತಪ್ಪು, ಅದರ ಅಳತೆ, ಅದನ್ನು ಒಪ್ಪಿಕೊಳ್ಳುವ ಬಗೆ, ಒಪ್ಪಿಕೊಂಡ ಮೇಲೆ ಮರಳಿ ಬರುವ ದಾರಿ ಇವುಗಳದು.

ಫ್ಲಿಪ್ಪರನು 1856ರಲ್ಲಿ ಜಾರ್ಜಿಯ ಪ್ರಾಂತದ ಥಾಮಸ್‌ವಿಲ್ ಎಂಬ ಊರಿನಲ್ಲಿ ಗುಲಾಮನಾಗಿ ಹುಟ್ಟಿದ. ತಂದೆ ಚರ್ಮದ ಕೆಲಸದಲ್ಲಿ ನುರಿತವನು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದಾಗ ಹುಡುಗನಿಗೆ ಒಂಬತ್ತು ವರ್ಷ. 1873ರಲ್ಲಿ ಆತ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯವನ್ನು ಸೇರಿದ. ಅಲ್ಲಿಗೆ ಬಂದ ಕಪ್ಪು ವಿದ್ಯಾರ್ಥಿಗಳಲ್ಲಿ ಅವನೇ ಮೊದಲಿಗನಲ್ಲ. ಆದರೆ ಪದವಿಯವರೆಗೆ ಉಳಿದವರಲ್ಲಿ ಅವನೇ ಮೊದಲಿಗ. ಬಿಳಿಯ ಸಹಪಾಠಿಗಳು ನಾಲ್ಕು ವರ್ಷ ಕರ್ತವ್ಯದ ಮಾತಿನ ಹೊರತು ಅವನೊಡನೆ ಬೆರೆಯಲಿಲ್ಲ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ ಎಂದುಕೊಂಡರೂ ಒಬ್ಬ ಮನುಷ್ಯ ಎದುರಿಗಿರುವುದನ್ನು ಕಾಣದಂತೆ ನಡೆದುಕೊಳ್ಳುವುದು ಹಿಂಸೆಯಲ್ಲವೆಂದು ಹೇಳಲು ಧೈರ್ಯ ಬೇಕು. 1877ರಲ್ಲಿ 76 ಮಂದಿಯ ತರಗತಿಯಲ್ಲಿ 50ನೆಯವನಾಗಿ ತೇರ್ಗಡೆಯಾದ ಆತ, ಮರುವರ್ಷವೇ ಆ ದಿನಗಳ ವೃತ್ತಾಂತವನ್ನು ಪುಸ್ತಕವಾಗಿ ಪ್ರಕಟಿಸಿದ.

ಎರಡನೆಯ ಲೆಫ್ಟಿನೆಂಟಾಗಿ ಆತ ಸೇರಿದ್ದು ಕಪ್ಪು ಸಿಪಾಯಿಗಳ ಹತ್ತನೆಯ ಅಶ್ವದಳವನ್ನು. ಫೋರ್ಟ್ ಸಿಲ್ ಎಂಬ ಠಾಣ್ಯದ ಸುತ್ತ ಮಳೆಯ ನೀರು ಕೆರೆಗಟ್ಟಿ ನಿಂತು ಮಲೇರಿಯ ಹಬ್ಬುತ್ತಿತ್ತು. ಫ್ಲಿಪ್ಪರನು ಇಳಿಜಾರನ್ನು ಅಳೆದು ಕಾಲುವೆಯೊಂದನ್ನು ತೋಡಿಸಿ ಆ ನೀರನ್ನು ಹರಿಸಿಬಿಟ್ಟ. ‘ಫ್ಲಿಪ್ಪರನ ಕಾಲುವೆ’ ಎಂದೇ ಅದಕ್ಕೆ ಹೆಸರಾಯಿತು. 1977ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಸಾರಲಾಯಿತು. ಕೊಲ್ಲುವುದಕ್ಕೆಂದು ತರಬೇತಾದ ಕೈಯಿಂದ ಎಷ್ಟು ಪ್ರಾಣಗಳು ಉಳಿದವೋ ಲೆಕ್ಕವಿಟ್ಟವರಿಲ್ಲ.

ಲೆಕ್ಕವಿಟ್ಟದ್ದು ಬೇರೆಯದಕ್ಕೆ. 1880ರಲ್ಲಿ ಆತ ಟೆಕ್ಸಾಸಿನ ಫೋರ್ಟ್ ಡೇವಿಸ್ ಠಾಣ್ಯಕ್ಕೆ ಬಂದ. ದಿನಸಿ ಉಗ್ರಾಣವೂ ಅದರ ಹಣವೂ ಅವನ ವಶಕ್ಕೆ ಬಂದವು. ಮರುವರ್ಷ ಕರ್ನಲ್ ವಿಲಿಯಂ ಷಾಫ್ಟರ್ ಎಂಬುವನು ಠಾಣ್ಯದ ಮುಖ್ಯಸ್ಥನಾದ. ಕಠಿಣ ಸ್ವಭಾವದವನೆಂದು ಹೆಸರಾಗಿದ್ದ ಆತನ ಕೈಕೆಳಗೆ ಜೋಕೆಯಾಗಿರಬೇಕೆಂದು ಕೆಲವರು ಫ್ಲಿಪ್ಪರನನ್ನು ಎಚ್ಚರಿಸಿದರು. ಉಗ್ರಾಣದ ಹಣವನ್ನು ಫ್ಲಿಪ್ಪರನು ತನ್ನ ಬಿಡಾರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. 1881ರ ಬೇಸಗೆಯಲ್ಲಿ ಎಣಿಸಿ ನೋಡಿದಾಗ ಹಣ ಕಡಿಮೆಯಿತ್ತು.

ಅಂದು ಆತ ಕರ್ನಲನ ಬಳಿಗೆ ಹೋಗಿ ಹಣ ಕಡಿಮೆ ಬಿದ್ದಿದೆಯೆಂದು ಹೇಳಿದ್ದರೆ ಮುಂದಿನ ಕಥೆಯಿರುತ್ತಿರಲಿಲ್ಲವೋ, ಬೇರೆಯದೇ ಇರುತ್ತಿತ್ತೋ ಯಾರು ಬಲ್ಲರು? ಆತ ಹೇಳಲಿಲ್ಲ. ಹಣವನ್ನು ಸ್ಯಾನ್ ಆಂಟೋನಿಯೊದ ಮೇಲಧಿಕಾರಿಗೆ ಕಳುಹಿಸಿದ್ದೇನೆಂದು ಸುಳ್ಳು ಹೇಳಿದ. ಲೆಕ್ಕ ಸರಿತೋರಿಸಲು 1,440 ಡಾಲರಿಗೆ ಮೀರಿದ ಒಂದು ಚೆಕ್ಕನ್ನು, ತನ್ನ ಖಾತೆಯೇ ಇಲ್ಲದ ಬ್ಯಾಂಕಿನ ಮೇಲೆ, ಬರೆದ. ತನ್ನ ಪುಸ್ತಕದ ಪ್ರಕಾಶಕರಿಂದ ಬರಬೇಕಾದ ಹಣ ಬಂದರೆ ಯಾರಿಗೂ ತಿಳಿಯದಂತೆ ಎಲ್ಲವನ್ನೂ ತುಂಬಿಬಿಡಬಹುದೆಂಬ ಆಸೆ. ಆ ಹಣ ಸಕಾಲಕ್ಕೆ ಬರಲಿಲ್ಲ. ಆಗಸ್ಟ್ ತಿಂಗಳಿನಲ್ಲಿ ಸುಳ್ಳು ಬಯಲಾಯಿತು. ಬಿಡಾರವನ್ನು ಶೋಧಿಸಿದರು, ಮನೆಗೆಲಸದವಳ ಬಳಿಯಲ್ಲಿ ಕೆಲವು ಚೆಕ್ಕುಗಳು ಸಿಕ್ಕವು. ಅಧಿಕಾರಿಯನ್ನು ಅವನ ಬಿಡಾರದಲ್ಲೇ ಕಾವಲಿನಲ್ಲಿಡುವುದು ಸೇನೆಯ ರೂಢಿ. ಫ್ಲಿಪ್ಪರನನ್ನಾದರೋ ಸಿಪಾಯಿಗಳನ್ನು ಕೂಡುವ ಸೆರೆಮನೆಯ ಕಿರುಕೋಣೆಯೊಂದರಲ್ಲಿ ಕೂಡಿದರು. ಊರಿನ ವ್ಯಾಪಾರಿಗಳೂ ಪರಿಚಿತರೂ ಕೆಲವೇ ದಿನಗಳಲ್ಲಿ ಹಣ ಕೂಡಿಸಿ ಕೊರತೆಯನ್ನು ತುಂಬಿಕೊಟ್ಟರು. ಸರ್ಕಾರಕ್ಕೆ ಒಂದು ಕಾಸಿನ ನಷ್ಟವೂ ಆಗಲಿಲ್ಲ. ವಿಚಾರಣೆ ಮಾತ್ರ ನಿಲ್ಲಲಿಲ್ಲ.

ಆರೋಪಗಳು ಎರಡು. ಮೊದಲನೆಯದು 3,791 ಡಾಲರ್ 77 ಸೆಂಟುಗಳನ್ನು ನುಂಗಿಹಾಕಿದನೆಂದು. ಎರಡನೆಯದು ಅಧಿಕಾರಿಗೂ ಸಭ್ಯನಿಗೂ ತಕ್ಕುದಲ್ಲದ ನಡತೆಯೆಂದು. ಎಂದರೆ ಸುಳ್ಳು ಹೇಳಿಕೆಗಳು, ಸುಳ್ಳು ಚೆಕ್ಕು. ಫ್ಲಿಪ್ಪರನು ನ್ಯಾಯಾಲಯಕ್ಕೆ ಬರೆದುಕೊಟ್ಟ ಹೇಳಿಕೆಯಲ್ಲಿ ಹಣವನ್ನು ತಾನು ಬಳಸಿಲ್ಲವೆಂದ. ಸುಳ್ಳನ್ನು ಅಲ್ಲಗಳೆಯಲಿಲ್ಲ, ಮೊದಲ ತಪ್ಪು ಆದ ಮೇಲೆ, ಹೊಣೆಯನ್ನು ತಾನೊಬ್ಬನೇ ತೀರಿಸಿಬಿಡಬಹುದೆಂಬ ಹುಸಿ ಆಸೆಗೆ ಒಳಗಾದೆನೆಂಬ ಅರ್ಥದ ಮಾತನ್ನು ಬರೆದ. 1881ರ ಡಿಸೆಂಬರಿನಲ್ಲಿ ತೀರ್ಪು ಬಂತು. ಹಣ ನುಂಗಿದ ಆರೋಪದಲ್ಲಿ ನಿರ್ದೋಷಿ. ಎರಡನೆಯದರಲ್ಲಿ ದೋಷಿ. ಶಿಕ್ಷೆ, ಸೇನೆಯಿಂದ ವಜಾ.

ಇಲ್ಲಿ ನಿಂತು ಯೋಚಿಸತಕ್ಕದ್ದಿದೆ. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಭಗವತೀ ಆರಾಧನೆಯಲ್ಲಿ ಶಿವಾರ್ಯರು ಆಲೋಚನೆಯನ್ನು, ಎಂದರೆ ಗುರುವಿನ ಮುಂದೆ ತನ್ನ ದೋಷವನ್ನು ತೋಡಿಕೊಳ್ಳುವುದನ್ನು, ಬಹು ವಿಸ್ತಾರವಾಗಿ ವಿವೇಚಿಸಿದ್ದಾರೆ. ಆಲೋಚನೆಗೂ ಹತ್ತು ದೋಷಗಳುಂಟೆಂದು ಅವರು ಎಣಿಸುತ್ತಾರೆ. ತಪ್ಪನ್ನು ಒಪ್ಪಿಕೊಳ್ಳುವುದರಲ್ಲಿಯೂ ತಪ್ಪು ಮಾಡಬಹುದೆಂಬ ಈ ಅರಿವು ಎಷ್ಟು ಸೂಕ್ಷ್ಮವಾದದ್ದು! ಇತರರು ಕಂಡದ್ದನ್ನು ಮಾತ್ರ ಒಪ್ಪಿ ಕಾಣದ್ದನ್ನು ಮುಚ್ಚುವುದು ದೃಷ್ಟದೋಷ. ದೊಡ್ಡದನ್ನು ಹೇಳಿ ಚಿಕ್ಕದನ್ನು ಬಿಡುವುದು ಬಾದರ. ಚಿಕ್ಕದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ಸೂಕ್ಷ್ಮ. ಗುರುವಿನ ಕನಿಕರವನ್ನು ಮೊದಲೇ ಸಂಪಾದಿಸಿಕೊಂಡು, ಲಘುವಾದ ಪ್ರಾಯಶ್ಚಿತ್ತ ದೊರೆಯಲೆಂದು ಹೇಳುವುದು ಆಕಂಪಿತ. ಗದ್ದಲದಲ್ಲಿ ಯಾರಿಗೂ ಕೇಳಿಸದಂತೆ ಹೇಳಿಬಿಡುವುದು ಶಬ್ದಾಕುಲ. ಈ ಪಟ್ಟಿಯನ್ನು ಓದಿದವನಿಗೆ ತನ್ನದೇ ಒಂದೆರಡು ಮಾತುಗಳು ನೆನಪಾಗದಿರಲಾರವು.

ಫ್ಲಿಪ್ಪರನ ಒಪ್ಪಿಗೆಯಲ್ಲಿ ದೃಷ್ಟದೋಷದ ಛಾಯೆಯಿದೆ. ಸುಳ್ಳು ಬಯಲಾದ ಮೇಲೆ ಆತ ಸುಳ್ಳನ್ನು ಒಪ್ಪಿದ. ಆದರೆ ಅದೇ ಗ್ರಂಥವು ದೋಷವನ್ನು ಕೇಳುವವನ ಗುಣಗಳನ್ನೂ ಹೇಳುತ್ತದೆ. ಆಚಾರ್ಯನು ಅಪರಿಸ್ರಾವಿಯಾಗಿರಬೇಕು, ಕೇಳಿದ್ದನ್ನು ಹೊರಗೆ ಸೋರಗೊಡದವನಾಗಿರಬೇಕು. ಹೇಳಿಕೊಂಡವನನ್ನು ಹಿಂಡುವುದಕ್ಕೆ ಅವನ ಮಾತನ್ನೇ ಆಯುಧ ಮಾಡಿಕೊಳ್ಳುವವನ ಮುಂದೆ ಯಾವ ಶಿಷ್ಯ ಬಾಯಿ ಬಿಟ್ಟಾನು? ಠಾಣ್ಯದ ಮುಖ್ಯಸ್ಥನು ಆಚಾರ್ಯನಲ್ಲ, ಲೆಫ್ಟಿನೆಂಟನು ಶಿಷ್ಯನಲ್ಲ, ನಿಜ. ಆದರೂ ಒಬ್ಬನು ಸತ್ಯ ಹೇಳಲು ಹೆದರುವಂತೆ ಮಾಡಿಟ್ಟ ಸ್ಥಳದಲ್ಲಿ ಅವನು ಹೇಳಿದ ಸುಳ್ಳಿನ ಪೂರ್ತಿ ಭಾರವನ್ನು ಅವನೊಬ್ಬನ ಹೆಗಲಿಗೇ ಹೊರಿಸುವುದು ಏಕಾಂತದೃಷ್ಟಿ. ಸುಳ್ಳು ಸುಳ್ಳೇ, ಹೆದರಿಕೆಯೂ ನಿಜವೇ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ತೂಗಬೇಕಾದದ್ದು ತೂಗುವವನ ಕೆಲಸ.

ಹಾಗೆ ತೂಗಿದವನೊಬ್ಬನು ಸೇನೆಯಲ್ಲಿಯೇ ಇದ್ದ. ಕಡತವನ್ನು ಪರಿಶೀಲಿಸಿದ ಮುಖ್ಯ ಸೈನಿಕ ನ್ಯಾಯಾಧಿಕಾರಿ ಡೇವಿಡ್ ಸ್ವೇಮ್, ದೋಷನಿರ್ಣಯವನ್ನು ಎತ್ತಿಹಿಡಿದರೂ ವಜಾ ಮಾಡದೆ ಇನ್ನೂ ಲಘುವಾದ ಶಿಕ್ಷೆಯನ್ನು ಕೊಡಬೇಕೆಂದು ಶಿಫಾರಸು ಮಾಡಿದ. ಅಧ್ಯಕ್ಷ ಚೆಸ್ಟರ್ ಆರ್ಥರ್ ಅದನ್ನು ಒಪ್ಪದೆ ಶಿಕ್ಷೆಯನ್ನು ಇದ್ದಂತೆಯೇ ಸ್ಥಿರಪಡಿಸಿದ. 1882ರ ಜೂನ್ 30ರಂದು ಫ್ಲಿಪ್ಪರನು ಸೇನೆಯಿಂದ ಹೊರಬಿದ್ದ. ಅವನಿಗೆ ಆಗ ಇಪ್ಪತ್ತಾರು ವರ್ಷ. ವಿಧಿಯ ವಿನೋದವೆಂದರೆ, ಎರಡು ವರ್ಷಗಳ ಬಳಿಕ ಸ್ವೇಮನೇ ಹಣದ ವ್ಯವಹಾರವೊಂದರಲ್ಲಿ ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಆತನೂ ದೋಷಿಯಾದ. ಆದರೆ ವಜಾ ಆಗಲಿಲ್ಲ. ಅರ್ಧ ಸಂಬಳದ ಮೇಲೆ ಹನ್ನೆರಡು ವರ್ಷ ಅಮಾನತು ಎಂಬ ಶಿಕ್ಷೆಯಾಯಿತು. ಆಗಲೂ ಅಧ್ಯಕ್ಷನಾಗಿದ್ದವನು ಆರ್ಥರನೇ. ಒಂದೇ ಸೇನೆ, ಒಬ್ಬನೇ ಅಧ್ಯಕ್ಷ, ಎರಡು ತಕ್ಕಡಿ.

ಸೇನೆಯ ಹೊರಗೆ ಫ್ಲಿಪ್ಪರನು ಸೋತವನಲ್ಲ. ಭೂಮಾಪನ ಮಾಡಿದ, ಗಣಿಗಳಲ್ಲಿ ಎಂಜಿನಿಯರಾದ, ಸ್ಪ್ಯಾನಿಷ್ ಕಲಿತು ಮೆಕ್ಸಿಕೊದ ಹಳೆಯ ಭೂಕಾನೂನುಗಳನ್ನು ಇಂಗ್ಲಿಷಿಗೆ ತಂದ. ಯಾವ ಸರ್ಕಾರ ಅವನನ್ನು ಅಯೋಗ್ಯನೆಂದು ಕಳುಹಿಸಿತ್ತೋ ಅದೇ ಸರ್ಕಾರದ ನ್ಯಾಯ ಇಲಾಖೆ, ಭೂಹಕ್ಕಿನ ವ್ಯಾಜ್ಯಗಳಲ್ಲಿ ಕಡತಗಳ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಅವನನ್ನೇ ನೇಮಿಸಿಕೊಂಡಿತು. 1921ರಿಂದ 1923ರವರೆಗೆ ಆತ ಒಳನಾಡು ಇಲಾಖೆಯ ಕಾರ್ಯದರ್ಶಿ ಆಲ್ಬರ್ಟ್ ಫಾಲ್‌ನ ಸಹಾಯಕನಾಗಿದ್ದ. (ಈ ಫಾಲ್ ಎಂಬುವನು ತೈಲಭೂಮಿಯ ಗುತ್ತಿಗೆಯಲ್ಲಿ ಲಂಚ ಪಡೆದು ಮುಂದೆ ಸೆರೆಮನೆ ಕಂಡ.) ಬಳಿಕ ವೆನೆಜುವೆಲಾದ ತೈಲಕ್ಷೇತ್ರದಲ್ಲಿ ದುಡಿದ.

ಇಷ್ಟೆಲ್ಲದರ ನಡುವೆ ಆತ ಬಿಡದೆ ಮಾಡಿದ ಕೆಲಸವೊಂದಿತ್ತು. ಆ ಕಾಲದಲ್ಲಿ ಸೈನಿಕನ ದಾಖಲೆಯನ್ನು ತಿದ್ದುವ ಮಂಡಳಿಯಾವುದೂ ಇರಲಿಲ್ಲ. ಅವನೊಬ್ಬನಿಗಾಗಿಯೇ ಸಂಸತ್ತು ಒಂದು ಶಾಸನ ಮಾಡಬೇಕಾಗಿತ್ತು. 1898ರಲ್ಲಿ ಆತ ಮೊದಲ ಬಾರಿಗೆ ತನ್ನ ಮನವಿಯನ್ನು ಸಂಸತ್ತಿನ ಮುಂದಿಟ್ಟ. ಮಸೂದೆ ಸಮಿತಿಯಲ್ಲಿಯೇ ಅಳಿಯಿತು. ಮತ್ತೆ ಬರೆದ. ಮತ್ತೆ ಅಳಿಯಿತು. ಎರಡು ದಶಕಗಳಿಗೂ ಮೀರಿ ಹೀಗೆಯೇ ನಡೆಯಿತು. ಪ್ರತಿ ಬಾರಿಯೂ ಆತ ಕೇಳಿದ್ದು ಕರುಣೆಯನ್ನಲ್ಲ, ಸೇನೆಯಲ್ಲಿ ತನ್ನ ಸ್ಥಾನವನ್ನು. ತೀರ್ಪು ಹೇಳಿದ್ದು ಸುಳ್ಳುಗಾರನೆಂದು. ಲೋಕ ಓದಿದ್ದು ಕಳ್ಳನೆಂದು. ‘ವಜಾ’ ಎಂಬ ಮಾತಿಗೆ ಈ ಎರಡರ ವ್ಯತ್ಯಾಸವನ್ನು ತಿಳಿಸುವ ಶಕ್ತಿಯಿಲ್ಲ. ಅಷ್ಟು ವರ್ಷಗಳ ಅಲೆದಾಟ ಆ ವ್ಯತ್ಯಾಸಕ್ಕಾಗಿ.

ಮುನಿಸಂಘದ ದಂಡನೀತಿಯನ್ನು ಇದರೊಡನೆ ಇಟ್ಟು ನೋಡಬಹುದು. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಆಲೋಚನೆ ಮೊದಲನೆಯದು. ಛೇದವೆಂಬುದು ದೀಕ್ಷೆಯ ಕಾಲವನ್ನು ದಿನ, ಪಕ್ಷ, ಮಾಸಗಳ ಲೆಕ್ಕದಲ್ಲಿ ಕಡಿದುಹಾಕುವುದು. ತಪ್ಪಿದ ಮುನಿಯು ತನಗಿಂತ ಕಿರಿಯನಾಗಿದ್ದವನಿಗೆ ತಾನೇ ವಂದಿಸಬೇಕಾಗುತ್ತದೆ. ಸೇನೆಯ ಭಾಷೆಯಲ್ಲಿ ಹೇಳುವುದಾದರೆ ಹಿರಿತನದ ಇಳಿಕೆ. ಪರಿಹಾರವೆಂಬುದು ನಿಯತ ಕಾಲದವರೆಗೆ ಸಂಘದಿಂದ ದೂರವಿಡುವುದು. ಇವೆಲ್ಲ ಆದ ಮೇಲೆ ಪಟ್ಟಿಯ ಕೊನೆಯಲ್ಲಿ ಬರುವುದೇನು? ಉಪಸ್ಥಾಪನೆ. ಹಳೆಯ ದೀಕ್ಷೆ ಪೂರ್ತಿ ಅಳಿದರೂ ಹೊಸದಾಗಿ ದೀಕ್ಷೆ ಕೊಟ್ಟು ಮರಳಿ ನಿಲ್ಲಿಸುವುದು. ಆ ಪಟ್ಟಿ ಮುಗಿಯುವುದು ಹೊರಗಟ್ಟುವುದರಲ್ಲಿ ಅಲ್ಲ. ಅಮೆರಿಕದ ಸೇನೆಯ ಐದು ಮೆಟ್ಟಿಲುಗಳಾದರೋ ಕೆಳಮುಖವಾಗಿಯೇ ಇಳಿಯುತ್ತವೆ. ಮೇಲಕ್ಕೆ ಹತ್ತುವ ಏಣಿಯನ್ನು ಹುಡುಕಲು ಆ ದೇಶಕ್ಕೆ ಎರಡನೆಯ ಮಹಾಯುದ್ಧ ಬೇಕಾಯಿತು.

1944ರಲ್ಲಿ, ಮರಳಿ ಬರುವ ಯೋಧರ ಹಿತಕ್ಕಾಗಿ ಮಾಡಿದ ಶಾಸನದಲ್ಲಿಯೇ ಬಿಡುಗಡೆ ಪುನರ್ವಿಮರ್ಶಾ ಮಂಡಳಿಗಳಿಗೆ ಅವಕಾಶ ಕಲ್ಪಿಸಲಾಯಿತು. 1946ರಲ್ಲಿ ಸೇನಾ ದಾಖಲೆಗಳ ತಿದ್ದುಪಡಿ ಮಂಡಳಿಗಳಿಗೆ ಶಾಸನದ ಬಲ ಬಂತು; ಒಬ್ಬೊಬ್ಬನಿಗೂ ಒಂದೊಂದು ಮಸೂದೆ ತರುವ ಹೊರೆಯನ್ನು ಸಂಸತ್ತು ಇಳಿಸಿಕೊಂಡಿತು. ಮೊದಲನೆಯ ಮಂಡಳಿಗೆ ಬಿಡುಗಡೆಯಾದ ಹದಿನೈದು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಎರಡನೆಯದಕ್ಕೆ ತಪ್ಪು ಗಮನಕ್ಕೆ ಬಂದ ಮೂರು ವರ್ಷಗಳ ಗಡುವು. ನ್ಯಾಯದ ಹಿತದೃಷ್ಟಿಯಿಂದ ಮಂಡಳಿ ಅದನ್ನು ಮನ್ನಿಸಬಹುದು. ಸರ್ಕಾರದ ಕೆಲಸ ಕ್ರಮವಾಗಿಯೇ ನಡೆದಿದೆಯೆಂಬುದು ಮಂಡಳಿಯ ಮೊದಲ ಊಹೆ. ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ನಿಯಮ ತಪ್ಪಿತ್ತೆಂದು ತೋರಿಸಬಹುದು, ಅಥವಾ ನಿಯಮ ತಪ್ಪದಿದ್ದರೂ ಫಲ ಅನ್ಯಾಯವಾಗಿತ್ತೆಂದು ತೋರಿಸಬಹುದು.

ಮಂಡಳಿಗಳು ಬಂದಾಗ ಹಲವರಿಗೆ ತಡವಾಗಿತ್ತು. ಟೆಕ್ಸಾಸಿನ ಬ್ರೌನ್ಸ್‌ವಿಲ್ ಎಂಬಲ್ಲಿ 1906ರಲ್ಲಿ ನಡೆದ ಗುಂಡಿನ ದಾಳಿಯೊಂದಕ್ಕೆ ಯಾರು ಕಾರಣರೆಂದು ಗೊತ್ತಾಗದಿದ್ದಾಗ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 167 ಕಪ್ಪು ಸೈನಿಕರನ್ನು ವಿಚಾರಣೆಯಿಲ್ಲದೆ ಒಟ್ಟಾಗಿ ಗೌರವರಹಿತವಾಗಿ ಬಿಡುಗಡೆ ಮಾಡಿದ. 1972ರಲ್ಲಿ ಸೇನೆ ಆ ಆಜ್ಞೆಯನ್ನು ತಿದ್ದಿ ಎಲ್ಲರಿಗೂ ಗೌರವಯುತ ಬಿಡುಗಡೆಯನ್ನು ಕೊಟ್ಟಿತು. ಅದನ್ನು ಕೈಯಲ್ಲಿ ಹಿಡಿದು ಓದಲು ಉಳಿದಿದ್ದವರಲ್ಲಿ ಡಾರ್ಸಿ ವಿಲ್ಲಿಸ್ ಎಂಬ ಮುದುಕನೊಬ್ಬ. ಮಿನಿಯಾಪೊಲಿಸ್ ನಗರದ ಕ್ಷೌರದಂಗಡಿಯೊಂದರಲ್ಲಿ ದಶಕಗಟ್ಟಲೆ ಬೂಟು ಒರೆಸಿ ಬದುಕಿದವನು. ಅವನಿಗೆ 25,000 ಡಾಲರ್ ಪರಿಹಾರ ದೊರೆಯಿತು.

ಈಚಿನ ಅರ್ಜಿಗಳಲ್ಲಿ ಬೇರೊಂದು ಬಗೆಯ ನೋವು ಕಾಣುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅನೇಕರಿಗೆ ನಿದ್ರೆಯಿರಲಿಲ್ಲ. ಸದ್ದಿಗೆ ಬೆಚ್ಚುತ್ತಿದ್ದರು, ಕುಡಿಯುತ್ತಿದ್ದರು, ಹೇಳದೆ ಕೇಳದೆ ಠಾಣ್ಯ ಬಿಟ್ಟು ಹೋಗುತ್ತಿದ್ದರು. ಕರ್ತವ್ಯಭ್ರಷ್ಟರೆಂದು ಕೆಟ್ಟ ಕಾಗದ ಕೊಟ್ಟು ಅವರನ್ನು ಕಳುಹಿಸಲಾಯಿತು. ಆ ಸ್ಥಿತಿ ಒಂದು ಮನೋವ್ಯಾಧಿಯೆಂದು ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. ಹೆಸರೇ ಇಲ್ಲದ ರೋಗಕ್ಕೆ ಸೈನಿಕನು ಯಾವ ವೈದ್ಯರ ಪತ್ರವನ್ನು ತಂದಾನು? 2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗೆಲ್, ಇಂಥವರ ಅರ್ಜಿಗಳನ್ನು ಉದಾರವಾಗಿ ಪರಿಶೀಲಿಸಬೇಕೆಂದು ತಿದ್ದುಪಡಿ ಮಂಡಳಿಗಳಿಗೆ ಸೂಚಿಸಿದರು. 2017ರ ಸೂಚನೆ ಇದನ್ನು ಇನ್ನೂ ಬಿಡಿಸಿ ಹೇಳಿತು. ಅಂಥ ವ್ಯಾಧಿ ಅಥವಾ ಅನುಭವ ಇತ್ತೇ, ಸೇವೆಯ ಕಾಲದಲ್ಲಿಯೇ ಇತ್ತೇ, ತಪ್ಪಿನ ಗುರುತ್ವವನ್ನು ಅದು ತಗ್ಗಿಸುತ್ತದೆಯೇ, ಬಿಡುಗಡೆಯ ಕಾರಣವನ್ನು ಮೀರಿಸುವಷ್ಟು ತೂಕ ಅದಕ್ಕಿದೆಯೇ ಎಂದು ಮಂಡಳಿ ಕೇಳಿಕೊಳ್ಳಬೇಕು. ಪ್ರಮತ್ತಯೋಗವಿಲ್ಲದೆ ಹಿಂಸೆಯ ದೋಷವಿಲ್ಲವೆಂದು, ಕ್ರಿಯೆಯೊಡನೆ ಭಾವವನ್ನೂ ತೂಗಬೇಕೆಂದು ಕೇಳಿ ಬೆಳೆದವರಿಗೆ ಈ ಪ್ರಶ್ನೆಗಳು ಹೊಸವಲ್ಲ.

ಅರ್ಜಿ ಬರೆಯಲು ಕುಳಿತವನ ಕಷ್ಟ ಮಾತ್ರ ಹಳೆಯದೇ. ಅಂದು ಠಾಣ್ಯ ಬಿಟ್ಟು ಹೋದದ್ದು ನಿಜ. ಸಂಗಡಿಗನ ಸಾವನ್ನು ಕಂಡದ್ದೂ ನಿಜ. ಮೊದಲನೆಯದನ್ನು ಬರೆಯದಿದ್ದರೆ ಕಡತವೇ ಅವನನ್ನು ಸುಳ್ಳುಗಾರನೆನ್ನುತ್ತದೆ. ಎರಡನೆಯದನ್ನು ಹಿಗ್ಗಿಸಿ ಬರೆದರೆ ಆಕಂಪಿತದೋಷ. ಬರೆಯದೆ ಬಿಟ್ಟರೆ ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ. ಒಂದು ನಮೂನೆಯ ಕೆಲವು ಗೆರೆಗಳಲ್ಲಿ, ಎಂದೂ ಕಾಣದ ಸದಸ್ಯರ ಮುಂದೆ, ಇದ್ದದ್ದನ್ನು ಇದ್ದಷ್ಟೇ ಹೇಳಬೇಕು. ಅದಕ್ಕೆ ಬೇಕಾಗುವ ಸಂಯಮ ರಣರಂಗದ್ದಕ್ಕಿಂತ ಕಡಿಮೆಯದೇನಲ್ಲ.

ಫ್ಲಿಪ್ಪರನ ಅರ್ಜಿಯನ್ನು ಕೊನೆಗೆ ಬರೆದವನು ಜಾರ್ಜಿಯದ ಒಬ್ಬ ಬಿಳಿಯ ಶಾಲಾಶಿಕ್ಷಕ. ಕಡತಗಳನ್ನು ಓದಿ ಮನನೊಂದ ಆತ, ಫ್ಲಿಪ್ಪರನ ವಂಶದವರೊಡನೆ ಕೂಡಿ 1976ರಲ್ಲಿ ಸೇನೆಯ ತಿದ್ದುಪಡಿ ಮಂಡಳಿಯ ಮುಂದೆ ವಿಷಯವನ್ನು ತಂದ. ದಾರಿಯಿಂದ ಜಾರಿದವನನ್ನು, ಜಾರಿದನೆಂದು ಲೋಕ ತಿಳಿದವನನ್ನು ಮರಳಿ ನಿಲ್ಲಿಸುವುದಕ್ಕೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೆಂಬ ಹೆಸರಿದೆ. ಆ ಶಿಕ್ಷಕ ಈ ಶಬ್ದವನ್ನು ಕೇಳಿರಲಾರ. ಮಂಡಳಿಯ ನಿರ್ಣಯ ಎಚ್ಚರಿಕೆಯದಾಗಿತ್ತು. ದೋಷನಿರ್ಣಯವನ್ನು ಅಳಿಸುವ ಅಧಿಕಾರ ತನಗಿಲ್ಲವೆಂದಿತು. ವಜಾ ಶಿಕ್ಷೆಯು ಮಿತಿಮೀರಿದ ಕಾಠಿಣ್ಯದ್ದೂ ಅನ್ಯಾಯದ್ದೂ ಆಗಿತ್ತೆಂದಿತು. ವಜಾ ಹೋಗಿ ಗೌರವಯುತ ಬಿಡುಗಡೆ ಬಂತು. ತಾರೀಕು ಮಾತ್ರ ಹಳೆಯದೇ, 1882ರ ಜೂನ್ 30. ಸುಳ್ಳು ಹೇಳಿದ್ದು ಕಡತದಲ್ಲಿ ಉಳಿಯಿತು, ಕಳ್ಳನೆಂಬ ನೆರಳು ಹೋಯಿತು. ಫ್ಲಿಪ್ಪರನು ಬದುಕಿದ್ದು ಕೇಳಿದ್ದು ಇದಕ್ಕಿಂತ ಹೆಚ್ಚಿನದನ್ನು; ಆದರೂ ದಾಖಲೆಯು ಸತ್ಯದ ಹತ್ತಿರಕ್ಕೆ ಬಂದದ್ದು ಅಂದೇ.

1999ರ ಫೆಬ್ರವರಿ 19ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಫ್ಲಿಪ್ಪರನಿಗೆ ಪೂರ್ಣ ಕ್ಷಮೆಯನ್ನು ಘೋಷಿಸಿದರು. ಸಮಾರಂಭಕ್ಕೆ ವಂಶದವರು ಬಂದಿದ್ದರು. ಎಲ್ಲರಿಗೂ ಸಂತೋಷವಾದದ್ದು ಸಹಜ. ಆದರೂ ಕ್ಷಮೆಗೂ ತಿದ್ದುಪಡಿಗೂ ಇರುವ ಅಂತರವನ್ನು ಮರೆಯಲಾಗದು. ತಿದ್ದುಪಡಿ ಮಾಡುವವನು ತನ್ನ ದಫ್ತರದ ತಪ್ಪನ್ನು ಒಪ್ಪುತ್ತಾನೆ. ಕ್ಷಮಿಸುವವನು ಎದುರಿನವನ ತಪ್ಪನ್ನು ಮನ್ನಿಸುತ್ತಾನೆ. ಸಾಂವತ್ಸರಿಕ ಕ್ಷಮಾವಣಿಯ ದಿನ ಶ್ರಾವಕರು ಕ್ಷಮಿಸುವ ಮೊದಲು ಕ್ಷಮೆ ಕೇಳುತ್ತಾರೆ. ಹಿರಿಯರೂ ಕಿರಿಯರಲ್ಲಿ ಕೇಳುತ್ತಾರೆ. ಒಂದು ರಾಷ್ಟ್ರವು ತನ್ನ ಗತಿಸಿದ ಲೆಫ್ಟಿನೆಂಟನನ್ನು ಕ್ಷಮಿಸಿದ ಆ ದಿನ, ಯಾರು ಯಾರಲ್ಲಿ ಕ್ಷಮೆ ಕೇಳಬೇಕಾಗಿತ್ತು ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಿಯಾದರೂ ಸುಳಿದಿರಬೇಕು.

ಫ್ಲಿಪ್ಪರನು ಕೊನೆಯ ವರ್ಷಗಳನ್ನು ಅಟ್ಲಾಂಟಾ ನಗರದಲ್ಲಿ ತಮ್ಮ ಜೋಸೆಫನ ಮನೆಯಲ್ಲಿ ಕಳೆದ. ಜೋಸೆಫ್ ಕ್ರೈಸ್ತ ಧರ್ಮಸಭೆಯೊಂದರ ಬಿಷಪ್ಪನಾಗಿದ್ದವನು. ಮಾತಿನ ಬೆಲೆ ಬಲ್ಲವನು. 1940ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅಣ್ಣ ತೀರಿಕೊಂಡಾಗ, ಮರಣಪತ್ರದ ನಮೂನೆಯನ್ನು ತುಂಬುವ ಕೆಲಸ ತಮ್ಮನದಾಯಿತು. ಮೃತನ ವೃತ್ತಿಯೇನೆಂದು ಅದರಲ್ಲಿ ಕೇಳಿತ್ತು. ಎಂಜಿನಿಯರೆಂದು ಬರೆಯಬಹುದಾಗಿತ್ತು, ಭೂಮಾಪಕನೆಂದು ಬರೆಯಬಹುದಾಗಿತ್ತು, ಎಲ್ಲವೂ ನಿಜವೇ.

ಸಮಂತಭದ್ರರು ಉಪಗೂಹನಕ್ಕೆ ಹೆಸರಿಸುವ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ವಾಚಕರಿಗೆ ಗೊತ್ತಿರುವುದೇ. ವ್ರತಿಯ ವೇಷದಲ್ಲಿ ಬಂದು ಚೈತ್ಯಾಲಯದ ವೈಡೂರ್ಯವನ್ನು ಕದ್ದು ಓಡುತ್ತಿದ್ದವನನ್ನು ಕಾವಲಿನವರು ಅಟ್ಟಿಕೊಂಡು ಬಂದಾಗ, ಆತ ತನ್ನ ಮಾತಿನಂತೆಯೇ ಅದನ್ನು ತಂದನೆಂದು ಶ್ರೇಷ್ಠಿ ಹೇಳಿದ. ಧರ್ಮದ ಹೆಸರಿಗೆ ಕಳಂಕ ತಟ್ಟಬಾರದೆಂಬುದು ಅವನ ಉದ್ದೇಶ. ಅದು ಸುಳ್ಳೇ ಎಂದು ಕೇಳುವ ಮಕ್ಕಳು ಪ್ರತಿಯೊಂದು ಪಾಠಶಾಲೆಯಲ್ಲಿಯೂ ಇರುತ್ತಾರೆ. ಉತ್ತರ ಹೇಳಬೇಕಾದ ಪಂಡಿತರು ಸ್ವಲ್ಪ ಹೊತ್ತು ತಡೆಯುತ್ತಾರೆ. ಶ್ರೇಷ್ಠಿಯ ಮುಂದಿದ್ದವನು ನಿಜವಾಗಿ ಕದ್ದವನು. ಜೋಸೆಫನ ಮುಂದಿದ್ದವನು ಕದಿಯದೆ ಆ ಹೆಸರು ಹೊತ್ತವನು.

ಅಂದಿನ ಸೇನೆಯ ಯಾವ ದಫ್ತರವೂ ಒಪ್ಪದ ಮಾತೊಂದನ್ನು ಆ ವೃದ್ಧ ಬಿಷಪ್ಪನು ಬರೆದ: ನಿವೃತ್ತ ಸೇನಾಧಿಕಾರಿ. ಮೂವತ್ತಾರು ವರ್ಷಗಳ ಬಳಿಕ ಸೇನೆ ತನ್ನ ಕಾಗದವನ್ನು ತಿದ್ದಿತು. 1978ರಲ್ಲಿ ಫ್ಲಿಪ್ಪರನ ಅಸ್ಥಿಗಳನ್ನು ಅಟ್ಲಾಂಟಾದಿಂದ ತೆಗೆದು, ಸೈನಿಕ ಮರ್ಯಾದೆಗಳೊಡನೆ, ಆತ ಗುಲಾಮನಾಗಿ ಹುಟ್ಟಿದ ಥಾಮಸ್‌ವಿಲ್‌ನಲ್ಲಿ ಮತ್ತೆ ಮಣ್ಣು ಮಾಡಿದರು.